ನಾನಿಲ್ಲದಿದ್ದರೂ ನಡೆಯಬೇಕು

ತಮ್ಮನ್ನು ತಾವೇ ಬೇಡವಾಗಿಸಿಕೊಳ್ಳಲು ನಮ್ಮ ಮಾವನವರಷ್ಟು ಹೆಣಗಿದ ಮನುಷ್ಯ ಇಡೀ ಡೊಂಬಿವಲಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ! ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಅವರಿಗೆ ಕೆಲಸ. ಅಲ್ಲಿಯ ಪದ್ಧತಿಯೇ ಅವರ ದೇವರು. ಪ್ರತಿ ಕೆಲಸದ ಕ್ರಮವನ್ನು ಬರೆದಿಡಬೇಕು, ಅದು ಇಬ್ಬರಿಗಾದರೂ ಗೊತ್ತಿರಬೇಕು, ಹೊಸಬರು ಹಳಬರ ಪಕ್ಕ ಕೂತು ಕಲಿಯಬೇಕು.

"ಜ್ಞಾನ ಒಬ್ಬನ ತಲೆಯೊಳಗೇ ಇದ್ದರೆ ಅದು ಸಂಜೆ ಲೋಕಲ್ ಹತ್ತಿ ಮನೆಗೆ ಹೋಗಿಬಿಡ್ತದೆ!" ಎನ್ನುತ್ತಿದ್ದರು.

ನನ್ನನ್ನು ನೋಡಲು ಬಂದಾಗ ಅಡುಗೆ ಬರುತ್ತದೆಯೇ ಎಂದು ಕೇಳಿದರೇ? ಇಲ್ಲ. "ನೀನು ರಜೆ ಹಾಕಿದರೆ ನಿನ್ನ ಕೆಲಸ ಯಾರು ಮಾಡ್ತಾರೆ?" ಎಂದರು! ಹಗಲು ರಬಾಳೆಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ, ಸಂಜೆ ಕಾಲೇಜಿಗೆ ಹೋಗಿ ಪಡೆದ ಡಿಗ್ರಿ ನನ್ನದು. ನಮ್ಮ ಮನೆತನದಲ್ಲೇ ಮೊದಲನೆಯದು. ಹೆಮ್ಮೆಯಿಂದ ಸರ್ಟಿಫಿಕೇಟ್ ತಂದು ತೋರಿಸಿದೆ. ಮಾವ ಎದೆ ಹಿಡಿದುಕೊಂಡರು.

"ಅಯ್ಯೋ, ಲ್ಯಾಮಿನೇಟ್ ಮಾಡಿಸಿದ್ದೀಯಾ! ಇನ್ನು ಇದರ ಮೇಲೆ ವೆರಿಫಿಕೇಶನ್ ಸೀಲು ಒತ್ತುವುದು ಹೇಗೆ ಮಾರಾಯ್ತಿ?"

ಆದರೂ ಮದುವೆಯಾಯಿತೆನ್ನಿ.

ಮನೆಯಲ್ಲೂ ಅದೇ ರಗಳೆ. ಅತ್ತೆಯ ಸಾರಿನ ಕ್ರಮ ಬರೆದುಕೊಳ್ಳಲು ಒಲೆಯ ಪಕ್ಕ ನಿಂತರು.

"ಉಪ್ಪು ಎಷ್ಟು?"

"ಕೈ ಹೇಳಿದಷ್ಟು."

"ಕೈ ರಿಟೈರ್ ಆದರೆ?"

"ಆಗ ನೀವು ಹೋಟೆಲಿನಲ್ಲಿ ಉಣ್ಣಿ!"

ಆದರೆ ರಿಟೈರ್ ಆದದ್ದು ಮಾವನೇ. ತಮ್ಮ ಜಾಗಕ್ಕೆ ಬಂದ ಮರಾಠಿ ಹುಡುಗಿಗೆ ಅವರು ಎಲ್ಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸಿದ್ದರು. ಪದ್ಧತಿ ಎಷ್ಟು ಚೆನ್ನಾಗಿ ಗೆದ್ದಿತೆಂದರೆ, ಆಫೀಸಿನಿಂದ ಒಂದೇ ಒಂದು ಫೋನ್ ಬರಲಿಲ್ಲ!

"ನಮ್ಮ ಆಫೀಸಿನವರು ಈಗಲೂ ದಿನಾ ನನ್ನನ್ನೇ ಕೇಳ್ತಾರೆ ಮಾರಾಯ್ರೇ" ಎಂದು ಪಕ್ಕದ ಮನೆಯ ನಿವೃತ್ತರು ಕೊಚ್ಚಿಕೊಂಡರು. "ಅಂದರೆ ನೀವು ಸರಿಯಾಗಿ ಕಲಿಸಲಿಲ್ಲ ಅಂತಾಯ್ತು" ಎಂದು ಮಾವ ಬಾಯಿ ಮುಚ್ಚಿಸಿದರು. ಒಳಗೆ ಬಂದವರೇ ನನ್ನನ್ನು ಕರೆದರು. "ಮಗಾ, ನನ್ನ ಫೋನ್ ಹಾಳಾಗಿದೆಯಾ ಅಂತ ಒಂದು ಕಾಲ್ ಕೊಟ್ಟು ನೋಡು."

ಕೊಟ್ಟೆ. ಚೆನ್ನಾಗಿಯೇ ಹೊಡೆದುಕೊಂಡಿತು, ದರಿದ್ರದ್ದು!

ಪರೀಕ್ಷೆಗಳು ಮುಗಿದವು. ಈಗಲಾದರೂ ಕರೆದಾರು ಎಂದು ಮಾವ ಸ್ನಾನಕ್ಕೂ ಫೋನ್ ಒಯ್ದರು. ರಿಸಲ್ಟ್ ಸಮಯಕ್ಕೆ ಸರಿಯಾಗಿ ಬಂತು. "ನೋಡಿದಿರಾ, ನಾನಿಲ್ಲದೆಯೂ!" ಎಂದು ಬೀಗಿದವರು ಊಟ ಬೇಡವೆಂದು ಮಲಗಿದರು.

ಸಂಜೆ ಫೋನ್ ಬಂತು. ಅದೇ ಹುಡುಗಿ. ಮಾವ ಧಡಕ್ಕನೆ ಎದ್ದು ಸ್ಪೀಕರ್ ಒತ್ತಿ, ಮರಾಠಿಯಲ್ಲಿ ಕೇಳಿದರು. "ಏನಮ್ಮಾ, ಎಲ್ಲಿ ನಿಂತಿತು ಕೆಲಸ?"

"ಎಲ್ಲೂ ನಿಲ್ಲಲಿಲ್ಲ ಸರ್. ಅದನ್ನು ಹೇಳಲಿಕ್ಕೇ ಫೋನ್ ಮಾಡಿದೆ."

ಮಾವ ಫೋನನ್ನು ಅತ್ತೆಯ ಕೈಗಿಟ್ಟು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಅತ್ತೆ ಒಂದು ಗಳಿಗೆ ಆ ಬೆನ್ನನ್ನೇ ನೋಡಿದರು. ಆಮೇಲೆ ತಮ್ಮ ಮುರುಕು ಮರಾಠಿಯಲ್ಲಿ, ಮೆಲ್ಲಗೆ ಹೇಳಿದರು:

"ಇನ್ನು ಮುಂದೆಯೂ ಹಾಗೇ, ಏನೂ ನಿಲ್ಲದಿದ್ದಾಗ ಒಂದು ಫೋನ್ ಮಾಡು ಮಗಳೇ."