ನಾನೊಬ್ಬನೇ ಎತ್ತಿದ ತೊಲೆ

ನಾವೆಲ್ಲ ಮೊದಲ ಸಲ ಓಟು ಹಾಕಿದ ವರ್ಷ. ಗುಂಡ್ಲುಪೇಟೆಯಲ್ಲಿ ನನ್ನಷ್ಟು ಬಲಶಾಲಿ ಇನ್ನೊಬ್ಬನಿರಲಿಲ್ಲ. ಸಾಕ್ಷಿ ನಮ್ಮ ಕೊಟ್ಟಿಗೆಯಲ್ಲಿತ್ತು. ಅಪ್ಪ ಇದ್ದಾಗ ನಾಲ್ಕು ಆಳು ಏದುಸಿರು ಬಿಟ್ಟು ಹೊತ್ತು ತಂದ ಮತ್ತಿ ಮರದ ತೊಲೆ, ಗಂಜಲದ ತೇವದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಜಾಗ ಖಾಲಿ ಮಾಡು ಎಂದು ಅವ್ವ ಗೊಣಗಿದ್ದಕ್ಕೆ ಹೋಗಿ ಎತ್ತಿದೆ. ಒಬ್ಬನೇ! ಹೆಗಲ ಮೇಲೆ ಬಂದು ಕೂತಿತು.

ಅದೇ ಹೊತ್ತಿಗೆ ಭೀಮನಬೀಡಿನ ಮಾದಪ್ಪನವರು ಅಂಗಳಕ್ಕೆ ಬಂದರು. ಅವರ ಮಗಳು ಗೌರಿಯನ್ನು ನನಗೆ ಕೇಳಿದ್ದೆವು. ಹುಡುಗನನ್ನು ನೋಡಲು ಬಂದಿದ್ದರು. ನೋಡಿದರು. ತೆರೆದ ಬಾಯಿ ಮುಚ್ಚಲಿಲ್ಲ.

"ಇವ್ನು ಆಳಲ್ಲ ಕಣಕ್ಕ, ಆನೆ," ಎಂದರು ಅವ್ವನಿಗೆ. "ನಮ್ಮನೆಗೂ ಒಂದ್ ತೊಲೆ ಕೂರಿಸ್ಬೇಕು. ಊರೋರ್ನೆಲ್ಲ ಯಾಕ್ ಕರೀಲಿ? ಇವ್ನೇ ಬಂದು ಎತ್ಬುಡ್ಲಿ, ಎಲೆ ಅಡಿಕೆ ಬದಲಾಯಿಸ್ಬುಡನ."

ಹೋದೆ. ಅರ್ಧ ಊರೇ ನೆರೆದಿತ್ತು. ಗೌರಿ ಬಾಗಿಲ ಹಿಂದೆ ನಿಂತಿದ್ದಳು. ಅವರದೂ ಮತ್ತಿ ತೊಲೆಯೇ, ನಮ್ಮದಕ್ಕಿಂತ ಗಿಡ್ಡ. ಇಷ್ಟಕ್ಕೆ ನನ್ನನ್ನು ಕರೆಸಬೇಕಿತ್ತೇ ಎನಿಸಿತು. ಬಗ್ಗಿ ತಬ್ಬಿದೆ. ಏಳಲಿಲ್ಲ. ಅಂಗೈಗೆ ಉಗುಳಿಕೊಂಡು ಮತ್ತೆ ತಬ್ಬಿದೆ. ತೊಲೆ ಅಲುಗಲಿಲ್ಲ. ಚಡ್ಡಿ ಹರಿಯಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನಿಮ್ಮ ಮರವೇ ಕೆಟ್ಟಿದೆ, ಒಳ್ಳೆ ಮರ ನೋಡಬೇಕಾದರೆ ನಮ್ಮನೆಗೆ ಬನ್ನಿ ಎಂದುಬಿಟ್ಟೆ. ಮಾದಪ್ಪನವರು ಬಂದೇಬಿಟ್ಟರು.

ನಾವು ಬರುವ ಹೊತ್ತಿಗೆ ಅವ್ವ ಆ ಒಳ್ಳೆ ಮರವನ್ನು ಕೈಯಲ್ಲೇ ಮುರಿದು ಒಲೆಗೆ ಹಾಕುತ್ತಿದ್ದಳು. ಒಳಗೆಲ್ಲ ಕಂದು, ಚೌಕ ಚೌಕವಾಗಿ ಬಿರುಕು. ಹಿಚುಕಿದರೆ ಇಟ್ಟಿಗೆ ಪುಡಿ.

"ಬೂಷ್ಟು ತಿಂದ್ಬುಟ್ಟದೆ ಕಣ್ಲಾ," ಎಂದಳು. "ಇದ್ನ ಎತ್ತಿ ಮೆರೆದ್ಯಾ? ನಾನೂ ಎತ್ತೀನಿ."

ಆಮೇಲೆ ಮರದ ಡಿಪೋದಲ್ಲಿ ಕೇಳಿ ತಿಳಿದುಕೊಂಡೆ. ಮರದಲ್ಲಿ ನಾರು ಇರುತ್ತದೆ, ನಾರನ್ನು ಹಿಡಿದಿಡುವ ಅಂಟಿನಂಥದ್ದೂ ಇರುತ್ತದೆ. ಒಂದು ಜಾತಿ ಬೂಷ್ಟು ಅಂಟನ್ನು ತಿನ್ನುತ್ತದೆ; ಮರ ಬೆಳ್ಳಗೆ ನಾರುನಾರಾಗುತ್ತದೆ. ನಮ್ಮದಕ್ಕೆ ಹಿಡಿದಿದ್ದು ಇನ್ನೊಂದು ಜಾತಿ. ಅದು ನಾರನ್ನೇ ಸಕ್ಕರೆ ಮಾಡಿಕೊಂಡು ತಿಂದು, ಕಂದು ಅಂಟನ್ನು ಉಳಿಸಿತ್ತು. ಆಕಾರ ಹಾಗೇ ಇತ್ತು, ತೂಕವಿಲ್ಲ, ಬಲವಿಲ್ಲ. ನಾನು ಎತ್ತಿದ್ದು ಬೂಷ್ಟಿನ ಎಂಜಲು!

ಮಾದಪ್ಪನವರು ಜಗಲಿ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರ ಟೊಳ್ಳಾದರೆ ಆಗಲಿ, ಹುಡುಗ ಗಟ್ಟಿ ತಾನೇ ಎಂದು ಅವ್ವನನ್ನು ಕೇಳಿದರು. ಅವ್ವ ಒಲೆ ಊದುತ್ತಾ ಕೂತಳು. ಆದರೂ ಎಲೆ ಅಡಿಕೆ ಬದಲಾಯಿತು.

ಭೀಮನಬೀಡಿನ ತೊಲೆಯನ್ನು ಕೊನೆಗೆ ಊರವರೇ ಎತ್ತಿದರು. ಗೌರಿಯೂ ಒಂದು ಕಡೆ ಹೆಗಲು ಕೊಟ್ಟಳು. ನನ್ನನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ದೂರ ನಿಂತು 'ಐಸಾ' ಎಂದು ಕೂಗುವ ಕೆಲಸ ಕೊಟ್ಟರು. ಕೂಗಿದೆ, ನಾಚಿಕೆಗೆ ದನಿಯೇ ಏಳಲಿಲ್ಲ.

ತೊಲೆಯ ಅಡಿಯಿಂದ ಗೌರಿ ಕೇಳಿದಳು: "ಅದ್ಕಾದ್ರೂ ಶಕ್ತಿ ಇಲ್ವಾ?"