ಸೈನ್ಯಕ್ಕೇ ಟ್ರಯಲ್ ಇಟ್ಟ ನಮ್ಮತ್ತೆ

ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹೋಗಲು ಯಮರಾಯ ಬಂದನೆನ್ನಿ, ಕಷ್ಟ ಅವನಿಗೇ! "ಎಲ್ಲಿ, ವಸಿ ನಿನ್ ಕ್ವಾಣ ಕೊಡಪ್ಪಾ. ಬೇಗೂರು ಬಸ್‌ಸ್ಟ್ಯಾಂಡ್ ಗಂಟ ಒಂದು ರೌಂಡ್ ಓಗ್ಬತ್ತೀನಿ. ಕೂರಾಕೆ ಸರಿಯಾಗಿದ್ರೆ ಆಮ್ಯಾಕೆ ಮಾತು" ಎಂದುಬಿಡುತ್ತಾರೆ. ಅವನು ಜಗಲಿಯ ಮೇಲೆ ಕೋಣಕ್ಕಾಗಿ ಕಾಯುತ್ತಾ ಕೂರಬೇಕು, ಅಷ್ಟೆ.

ಟ್ರಯಲ್ ನೋಡದೆ ಅತ್ತೆ ಈ ಭೂಮಿಯ ಮೇಲೆ ಯಾವುದನ್ನೂ ಒಪ್ಪಿಕೊಂಡವರಲ್ಲ. ಬಕೆಟ್ ಕೊಳ್ಳುವಾಗ ಅಂಗಡಿಯಲ್ಲೇ ನೀರು ತುಂಬಿಸಿ ಎತ್ತಿ ನೋಡುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಕೊಳ್ಳಲು ಹೊರಟರೆ ಬೀದಿಯಲ್ಲೇ ಅತಿ ದಪ್ಪಗಿರುವ ಮನುಷ್ಯನನ್ನು ಕಾಫಿ ಆಸೆ ತೋರಿಸಿ ಜೊತೆಗೆ ಕರೆದೊಯ್ಯುತ್ತಾರೆ. ಒಮ್ಮೆ ಗುಂಡ್ಲುಪೇಟೆಯಲ್ಲಿ ಕೊಡೆ ವ್ಯಾಪಾರಕ್ಕೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು. ನನ್ನನ್ನು ಕೊಡೆಯ ಕೆಳಗೆ ನಿಲ್ಲಿಸಿ, ತಾವು ಅಂಗಡಿಯ ಸ್ಟೂಲು ಹತ್ತಿ ಒಂದು ಬಿಂದಿಗೆ ನೀರು ಸುರಿದೇಬಿಟ್ಟರು! ಕೊಡೆ ಸೋರಲಿಲ್ಲ. ಅಂಚಿನಿಂದ ಇಳಿದ ನೀರೆಲ್ಲ ಅಂಗಡಿಯವನು ಆಗ ತಾನೇ ಹಚ್ಚಿದ್ದ ದೀಪದ ಮೇಲೆ ಬಿತ್ತು. ಇಷ್ಟಾದ ಮೇಲಾದರೂ ಕೊಂಡರೇ? "ಬಣ್ಣ ಸರಿ ಇಲ್ಲ ಕಣ್ಲಾ, ಬಾ" ಎಂದರು. ಬಣ್ಣ ಏನು, ನೀರು ಸುರಿದ ಮೇಲೆ ಕಂಡಿತೇ!

ಕೊಡೆಯ ಪಾಡೇ ಹೀಗಾದರೆ ಅಳಿಯನ ಪಾಡು ಕೇಳಬೇಕೇ? ಅತ್ತೆಯ ಮಗಳನ್ನು ನೋಡಲು ಕುದೇರಿನಿಂದ ಗಂಡು ಬಂದಿತ್ತು. ಹುಡುಗನ ಸಹನೆ ಎಷ್ಟೆಂದು ತಿಳಿಯಲು ಅವನೊಬ್ಬನ ಸಾರಿಗೆ ಅತ್ತೆ ಒಂದು ಹಿಡಿ ಉಪ್ಪು ಸುರಿದರು. ಪಾಪದವನು ಕಣ್ಣಲ್ಲಿ ನೀರು ತುಂಬಿಕೊಂಡು ಉಂಡ. ಹೆದರಿಕೆಗೋ ಏನೋ, "ಇನ್ನೊಂದು ಸೌಟು ಹಾಕಿ" ಎಂದೂ ಅಂದ. ಅತ್ತೆ ಅಲ್ಲೇ ತಾಂಬೂಲ ಬದಲಾಯಿಸಿದರು. ಅಲ್ಲಿಂದ ಶುರುವಾಯಿತು ನೋಡಿ! ಅವನು ಬಂದಾಗಲೆಲ್ಲ "ನಮ್ಮಳಿಯಂಗೆ ಉಪ್ಪು ಅಂದ್ರೆ ಪ್ರಾಣ" ಎಂದು ಸಾರಿಗೆ ಒಂದು ಹಿಡಿ ಹೆಚ್ಚು. ಡಾಕ್ಟರು ಬಿ.ಪಿ. ಎಂದು ಬರೆದುಕೊಟ್ಟ ಮೇಲೇ ಅವನಿಗೆ ಬಿಡುಗಡೆಯಾದದ್ದು.

ಇಂಥ ಅತ್ತೆಯ ಕೈಗೆ ನನ್ನ ಮಗಳ ಭವಿಷ್ಯ ಸಿಕ್ಕಿತೆಂದರೆ ನೀವೇ ಯೋಚಿಸಿ!

ಮಗಳು ಸಿಂಚನ ಸೆಕೆಂಡ್ ಪಿಯುಸಿ ಮುಗಿಸಿದ್ದಳು. ಸೈನ್ಯಕ್ಕೆ ಸೇರುತ್ತಾಳೆಂಬುದು ಅವಳ ಹೈಸ್ಕೂಲಿನ ಕಾಲಕ್ಕೇ ತೀರ್ಮಾನವಾದ ವಿಷಯ. ಯಾವ ಬಾಗಿಲಿನಿಂದ ಎಂಬುದೇ ಚಾಮರಾಜನಗರದ ನಮ್ಮ ಮನೆಯಲ್ಲಿ ಹೊತ್ತಿದ್ದ ಬೆಂಕಿ.

"ಅಗ್ನಿವೀರ್ ಭರ್ತಿಗೆ ಈಗಿಂದ್ಲೇ ಓಡಿ ತಯಾರಾಗ್ತೀನಿ. ಮೊದಲು ಸಿಪಾಯಿ. ಒಳಗೆ ಹೋದ್ಮೇಲೆ ಮುಂದಿನದು ನೋಡ್ಕೊಂಡ್ರಾಯ್ತು" ಎಂದು ಮಗಳು.

"ನಾಲ್ಕು ವರ್ಷ ಆದ್ಮೇಲೆ ಎಲ್ಲರನ್ನೂ ಉಳಿಸ್ಕೊಳ್ಳಲ್ವಂತೆ. ಡಿಗ್ರಿ ಸೇರು, ಎನ್‌ಸಿಸಿ ಮಾಡು, ಪರೀಕ್ಷೆ ಬರೆದು ಆಫೀಸರ್ ಆಗೇ ಹೋಗು" ಎಂದು ನನ್ನ ಹೆಂಡತಿ.

"ಅಲ್ಲೀವರ್ಗೂ ಬೆಂಚಿನ ಮೇಲೆ ಕೂತಿರ್ಲಾ?"

"ಇಷ್ಟು ವರ್ಷ ಸೋಫಾ ಮೇಲೆ ಕೂತಿರ್ಲಿಲ್ವಾ?"

ನಾನು ಹೆದ್ದಾರಿಯ ಡಿವೈಡರಿನಂತೆ ನಡುವೆ ಬಿದ್ದಿದ್ದೆ. ಎರಡೂ ಕಡೆಯಿಂದ ಹಾರ್ನು! ಕಾಲೇಜಿನ ಅಡ್ಮಿಷನ್ನಿಗೆ ಸೋಮವಾರವೇ ಕೊನೆಯ ದಿನ. ಸೇರಿ ಅರ್ಧಕ್ಕೆ ಬಿಡುವುದಾದರೆ ಸೇರಲೇಬೇಡ ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು. ಅವಳು ಹೇಳುವುದರಲ್ಲೂ ನ್ಯಾಯವಿತ್ತು, ಇವಳು ಕುದಿಯುವುದರಲ್ಲೂ ನ್ಯಾಯವಿತ್ತು. ತೋಚದೆ ಬೇಗೂರಿನ ಅತ್ತೆಗೆ ಫೋನು ಮಾಡಿದೆ.

"ಎರಡ್ನೂ ಟ್ರಯಲ್ ನೋಡ್ದೆ ಎಂಗ್ಲಾ ಒಪ್ಕೊಂಡೀರಿ?" ಎಂದರು ಅತ್ತೆ.

"ಅತ್ತೆ, ಸೈನ್ಯ ಏನು ಕುರ್ಚಿನಾ?"

"ಕುರ್ಚಿ ಮುರುದ್ರೆ ಇನ್ನೊಂದು ಬತ್ತದೆ. ನಿನ್ ಮಗಳು ಬಂದಾಳಾ? ನಾಳೀಕೆ ಬಸ್ಸು ಅತ್ಸು!"

ಶುಕ್ರವಾರ, ಶನಿವಾರ ಸಿಪಾಯಿ, ಭಾನುವಾರ ಆಫೀಸರು. ರಣರಂಗ, ಅತ್ತೆಯ ಚೆಂಡುಹೂವಿನ ಹೊಲ. ಅತ್ತೆಗೆ ಸೈನ್ಯವೆಂದರೆ ಟೀವಿಯಲ್ಲಿ ಬರುವ ಗಣರಾಜ್ಯೋತ್ಸವದ ಮೆರವಣಿಗೆ, ಅಷ್ಟೆ. ಅದಕ್ಕೆಂದು ಹಿಂದಿನ ಬೀದಿಯ ನಿವೃತ್ತ ಹವಾಲ್ದಾರರನ್ನು ಕರೆಸಿ, ಕಾಫಿ ಕೊಟ್ಟು, ವಿಚಾರಣೆ ನಡೆಸಿದರಂತೆ.

"ಸಿಪಾಯಿ ಏನ್ ಮಾಡಾನು?"

"ಹೇಳಿದ್ದು ಮಾಡ್ತಾನೆ ಕಣಕ್ಕ."

"ಆಪೀಸರು?"

"ಹೇಳ್ತಾನೆ."

"ಅಷ್ಟೇಯಾ! ಇದುಕ್ಕೆ ಮೂರ್ ವರ್ಸ ಓದ್ಬೇಕಾ?"

ಹವಾಲ್ದಾರರು ಲೋಟದೊಳಗೇ ನಕ್ಕರಂತೆ.

ಸಿಪಾಯಿಗಿರಿ ಜೋರಾಗಿಯೇ ಶುರುವಾಯಿತು. ಕೋಳಿಗಿಂತ ಮುಂಚೆ ಎಬ್ಬಿಸಿ ಹೊಲ ಸುತ್ತಿಸಿದರು, ಸಗಣಿ ಬಾಚಿಸಿದರು, ಬಾಚಿದ್ದು ನೇರವಾಗಿಲ್ಲವೆಂದು ಮತ್ತೆ ಬಾಚಿಸಿದರು. ಮಗಳು ಹಲ್ಲುಕಚ್ಚಿ ಎಲ್ಲ ಮಾಡಿದಳು. ಶನಿವಾರದ ಕೆಲಸ ಪಹರೆ. ಹೂವಿನ ಕಾಲ ಬಂತೆಂದರೆ ನಮ್ಮ ಕಡೆ ಹೆದ್ದಾರಿ ಬದಿಯ ಹೊಲಗಳಿಗೆ ಕೇರಳದ ಕಾರುಗಳು ಮುತ್ತುತ್ತವೆ. ಇಳಿದವರೆಲ್ಲ ಹೂವಿನ ನಡುವೆ ನುಗ್ಗಿ ಫೋಟೋ ತೆಗೆಸಿಕೊಳ್ಳುವವರೇ. "ಒಬ್ರುನ್ನೂ ಒಳುಕ್ಕೆ ಬುಡ್ಬೇಡ. ನಾ ಏಳಾಗಂಟ ಅಲ್ಲಾಡ್ಬೇಡ" ಎಂದು ಕೈಗೊಂದು ಕೋಲು ಕೊಟ್ಟು ನಿಲ್ಲಿಸಿ, ಅತ್ತೆ ಗುಂಡ್ಲುಪೇಟೆಗೆ ಬೀಗರೂಟಕ್ಕೆ ಹೋದರು. ಹೋದವರು ಬಾಳೆಲೆ ಕಂಡಿದ್ದೇ ಪಹರೆಯನ್ನು ಮರೆತೇಬಿಟ್ಟರು!

ಇತ್ತ ಒಂದು ಕಾರಿನವರು ಬಂದು "ಒರು ಫೋಟೋ ಮಾತ್ರಂ, ಮೋಳೇ" ಎಂದು ಒಂದೇ ಒಂದು ಫೋಟೋಗೆ ಮಲಯಾಳದಲ್ಲಿ ಗೋಗರೆದರಂತೆ. ಸಿಂಚನ ಮಾತಾಡಲಿಲ್ಲ, ಕದಲಲಿಲ್ಲ. ಕೊನೆಗೆ ಅವರು ಹೂವನ್ನು ಬಿಟ್ಟು ಇವಳದೇ ಫೋಟೋ ತೆಗೆದುಕೊಂಡರು. ಆ ಗುಂಪಿನ ಮಗುವೊಂದು ಬೆದರುಬೊಂಬೆ ಇರಬೇಕೆಂದು ಮುಟ್ಟಿ ನೋಡಿತಂತೆ! ಹೊತ್ತು ಮುಳುಗುವಾಗ ಅತ್ತೆ ಬಂದರು.

"ಇನ್ನೂ ಇಲ್ಲೇ ನಿಂತಿದ್ದೀಯಾ? ಯಾಕಮ್ಮಿ?"

"ನೀವು ಹೇಳಿರಲಿಲ್ವಲ್ಲ ಅಜ್ಜಿ."

ರಾತ್ರಿಯೇ ನನಗೆ ಫೋನು. "ಸಿಪಾಯಿಗಿರೀಲಿ ಪಾಸು ಕಣ್ಲಾ! ನಾಳೀಕೆ ನೀನೂ ಬಾ, ಆಳು ಕಮ್ಮಿ ಅವರೆ."

ಹೋಗಿ ನೋಡಿದರೆ ಕುದೇರಿನ ಅಳಿಯನೂ ಹಾಜರು. ನಾವಿಬ್ಬರೂ ಹೂ ಬಿಡಿಸುವ ಹೆಂಗಸರ ಜೊತೆ ಸಾಲಿನಲ್ಲಿ ನಿಂತೆವು. ಸಂಜೆ ಲಾರಿ ಬರುವಷ್ಟರಲ್ಲಿ ಹೊಲ ಬರಿದಾಗಬೇಕು. ಹೇಗೆಂಬುದು ಆಫೀಸರಿಗೆ ಬಿಟ್ಟದ್ದು. ನೆನೆದ ಹೂವನ್ನು ಲಾರಿಯವನು ಹತ್ತಿಸಿಕೊಳ್ಳುವುದಿಲ್ಲ. ಅತ್ತೆ ಇಷ್ಟು ಹೇಳಿ ಜಗಲಿಯ ಮೇಲೆ ಕುಳಿತುಬಿಟ್ಟರು.

ಮಗಳು ಬದುವಿನ ಮೇಲೆ ನಿಂತು, "ಮೊದಲ ತಂಡ ಎಡಗಡೆ! ಎರಡನೇ ತಂಡ ಬಲಗಡೆ!" ಎಂದು ಕೂಗಿದಳು. ಯಾರೂ ಅಲ್ಲಾಡಲಿಲ್ಲ. ಸಾಲಿನ ಹಿರಿಯಾಳು ಮಾದಮ್ಮ ಸೆರಗು ಸಿಕ್ಕಿಸಿಕೊಂಡು, "ಆಪೀಸರಮ್ಮಾ, ಬಿಸ್ಲು ಏರೋಕ್ಮುಂಚೆ ಒಂದು ಬಿಂದ್ಗೆ ನೀರು ತಂದ್ಬುಡವ್ವ" ಎಂದಳು. ಆಫೀಸರು ನೀರು ತಂದರು! ಮತ್ತೊಬ್ಬಳು ಎಲೆಯಡಿಕೆ ಕೇಳಿದಳು, ಅದನ್ನೂ ತಂದರು. ಅಳಿಯ ನನ್ನ ಕಿವಿಯಲ್ಲಿ, "ಭಾವ, ಆಫೀಸರ್ ಕೆಲಸಕ್ಕಿಂತ ಉಪ್ಪಿನ ಸಾರೇ ವಾಸಿ" ಎಂದ. ಅಷ್ಟರಲ್ಲಿ ಮಗಳು ಕೂಗುವುದನ್ನು ಬಿಟ್ಟು ಮಾದಮ್ಮನ ಪಕ್ಕದ ಸಾಲಿಗೆ ಇಳಿದಿದ್ದಳು. "ಎಂಗೆ ಬಿಡಿಸ್ತೀರಿ, ತೋರಿಸಿ" ಎಂದಳು. ಮಧ್ಯಾಹ್ನದ ಹೊತ್ತಿಗೆ ನನ್ನನ್ನೇ ಗದರಿಸುವಷ್ಟು ಕಲಿತಿದ್ದಳು. "ಅಪ್ಪ, ಮೊಗ್ಗು ಯಾಕೆ ಕೀಳ್ತಿದ್ದೀರಾ? ಆ ಮೂಟೆ ಹೊರಿ, ಹೋಗಿ!" ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನು ಹೊತ್ತೆ. ಏನು ಮಾಡಲಿ, ಸಿಪಾಯಿ ಅಲ್ಲವೇ!

ಇನ್ನು ಕಾಲು ಪಾಲು ಹೊಲ ಉಳಿದಿತ್ತು. ಬಂಡೀಪುರದ ಕಡೆಯಿಂದ ಕಪ್ಪು ಮೋಡ ಎದ್ದು, ಪಳ್ಳನೆ ಮಿಂಚಿತು. ಸಿಂಚನ ನೆಟ್ಟಗಾದಳು.

"ಎಲ್ಲರೂ ಮನೆಗೆ ನಡೀರಿ!"

"ಮೂಟೆಗೆ ಟಾರ್ಪಾಲ್ ಒದಿಸ್ಬುಟ್ಟು ಓಗನ ಕಣಮ್ಮಿ. ಸಿಡ್ಲುಗೆಲ್ಲ ಎದುರ್ಕೊಂಡ್ರೆ ಆಯ್ತದಾ?" ಎಂದಳು ಮಾದಮ್ಮ.

"ಮೂಟೆ ಇರ್ಲಿ! ಬಯಲಲ್ಲಿ ಒಬ್ಬರೂ ನಿಲ್ಲಕೂಡದು. ನಡೀರಿ ಅಂದೆ!"

ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ. ಎಲ್ಲರೂ ಓಡಿದರು. ಕೊನೆಯವಳು ಜಗಲಿ ಹತ್ತುವವರೆಗೂ ಮಗಳು ಬದುವಿನಲ್ಲೇ ಇದ್ದಳು. ಸಿಡಿಲೇನೂ ಬೀಳಲಿಲ್ಲ. ಮಳೆಯಾದರೂ ಜೋರಾಗಿ ಬಂತೇ? ಅದೂ ಇಲ್ಲ! ಅಣಕಿಸುವಂತೆ ಒಂದಿಷ್ಟು ಸುರಿದು, ಮೂಟೆಗಳನ್ನು ಚೆನ್ನಾಗಿ ನೆನೆಸಿ, ಬಿಸಿಲು ಬಿಟ್ಟು ಹೋಯಿತು. ಲಾರಿಯವನು ಒಣಗಿದ್ದಷ್ಟು ಹತ್ತಿಸಿಕೊಂಡು, ಉಳಿದದ್ದನ್ನು ನೋಡಿ ತಲೆಯಾಡಿಸಿ ಹೊರಟ.

ಅತ್ತೆ ಎದ್ದು ಬಂದರು. ಹೆಂಗಸರು ಕೆಳಗೆ ನೋಡಿದರು. ಅತ್ತೆ ಬಾಯಿ ತೆರೆಯುವ ಮುಂಚೆಯೇ ಮಗಳು ಮುಂದೆ ನಿಂತಳು.

"ಅವರಿಗೇನೂ ಅನ್ಬೇಡಿ ಅಜ್ಜಿ. ಮುಚ್ಚಿ ಹೋಗೋಣ ಅಂದ್ರು. ಬೇಡ ಅಂದೋಳು ನಾನು."

ಅತ್ತೆ ಮೂಟೆಗಳತ್ತ ತಿರುಗಲಿಲ್ಲ. "ಎಲ್ಲಾರೂ ಬಂದವ್ರಾ?" ಎಂದು ಕೇಳಿದರು.

"ಬಂದವ್ರೆ ಅಜ್ಜಿ."

"ಅಂಗಾದ್ರೆ ಮುದ್ದೆ ಆರ್ತಾ ಅದೆ, ಇಕ್ಕು."

ಅಳಿಯನಿಗೂ ನನಗೂ ಸೇರಿ ಎಲ್ಲರಿಗೂ ಅವಳೇ ಬಡಿಸಿದಳು. ತಾನು ಕೊನೆಗೆ ತಳದ ಸೀಕಲು ಕೆರೆದುಕೊಂಡು ಕುಳಿತಾಗ ಅತ್ತೆ ಕೇಳಿದರು. "ಯಾವ್ದಮ್ಮಿ?"

ಮಗಳು ತುತ್ತು ನುಂಗಿ ಹೇಳಿದಳು. "ನಿಂತ್ಕೊಂಡಿರೋದು ನಂಗೆ ಬರುತ್ತೆ ಅಜ್ಜಿ. ಹೇಳಿ ಮಾಡಿಸೋದು ಬರಲ್ಲ. ಕಾಲೇಜು ಸೇರ್ತೀನಿ. ಕಲಿತೇ ಹೋಗ್ತೀನಿ."

ಹೆಂಡತಿಗೆ ಫೋನು ಮಾಡಿದೆ. ಅತ್ತ ಕಡೆಯಿಂದ ಮೂಗೊರೆಸಿಕೊಳ್ಳುವ ಸದ್ದು ಬಂತು. ಗೆದ್ದವರೂ ಅಳುತ್ತಾರೆಂದು ಆಗ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಡಬೇಕೆಂದು ಮಗಳನ್ನು ಎಬ್ಬಿಸಲು ಜಗಲಿಗೆ ಬಂದೆ. ಅವಳು ಚಾಪೆಯ ಮೇಲೆ ಮೈಮರೆತು ಮಲಗಿದ್ದಳು. ಅತ್ತೆ ಅವಳ ಊದಿಕೊಂಡ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದರು. ನನ್ನನ್ನು ಕಂಡು, ಎಚ್ಚರವಾದಾಳೆಂದು ದನಿ ತಗ್ಗಿಸಿ ಕೇಳಿದರು.

"ಸಿಪಾಯಿ ಆದ್ರೆ ಅಲ್ಲಿ ಕಾಲ್ಗೆ ಎಣ್ಣೆ ತಿಕ್ಕೋರು ಯಾರೂ ಇರಾಕಿಲ್ವೇನ್ಲಾ?"

"ಇರಲ್ಲ ಅತ್ತೆ."

"ಆಪೀಸರಾದ್ರೆ?"

"ಆಗಲೂ ಇರಲ್ಲ."

ಅತ್ತೆ ಅಂಗೈಗೆ ಇನ್ನೊಂದಿಷ್ಟು ಎಣ್ಣೆ ಸುರಿದುಕೊಂಡರು.

"ಸದ್ಯ, ಓಗಾಕೆ ಇನ್ನೂ ಮೂರು ವರ್ಸ ಅದಲ್ಲಾ" ಎಂದು, ಇನ್ನೊಂದು ಪಾದವನ್ನು ಮೆಲ್ಲಗೆ ತೊಡೆಯ ಮೇಲೆ ಎತ್ತಿಟ್ಟುಕೊಂಡರು.