ಮಾತು, ತೂತು ಮತ್ತು ನಮ್ಮ ಕ್ಯಾರವಾನ್

ಕುಡುಕನನ್ನು ಕಟ್ಟಿಕೊಳ್ಳಬೇಡ, ಜೂಜುಕೋರನನ್ನು ಕಟ್ಟಿಕೊಳ್ಳಬೇಡ, ಹಡಗಿನಲ್ಲಿ ಕೆಲಸ ಮಾಡುವವನನ್ನಂತೂ ಕಟ್ಟಿಕೊಳ್ಳಲೇಬೇಡ ಎಂದು ನಮ್ಮಮ್ಮ ನನಗೆ ಬುದ್ಧಿ ಹೇಳಿದ್ದಳು. ಸತ್ಯವಂತನನ್ನು ಕಟ್ಟಿಕೊಳ್ಳಬೇಡ ಎಂದು ಮಾತ್ರ ಹೇಳಲಿಲ್ಲ. ಅದೊಂದು ಅವಳಿಗೆ ಹೊಳೆದಿದ್ದರೆ ನನ್ನ ಈ ಕಥೆ ಇರುತ್ತಿರಲಿಲ್ಲ.

ನನ್ನ ಗಂಡ ವೀಬೆ ನಮ್ಮ ವಿನ್ಸ್‌ಖೋಟೆನ್ ಊರಿನ ಬಸ್ಸಿನ ಡ್ರೈವರು. ‘ಚಾಲಕನೊಂದಿಗೆ ಮಾತನಾಡಬಾರದು’ ಎಂಬ ಫಲಕದ ಕೆಳಗೆ ಮೂವತ್ತನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಬಸ್ಸು ಓಡಿಸಿದ. ನಿವೃತ್ತನಾದ ಮರುದಿನ ಬೆಳಗಿನ ಕಾಫಿಗೆ ಶುರುಮಾಡಿದ ಮಾತು ಇವತ್ತಿಗೂ ಸ್ಟಾಪಿಗೆ ಬಂದಿಲ್ಲ. ಆಡಲಿ, ಪಾಪ. ಆದರೆ ಹಳೇ ಸಾಮಾನು ಕೊಳ್ಳಲು ಬಂದವರ ಮುಂದೆ ಸತ್ಯವನ್ನೇ ಆಡುತ್ತಾ ಕೂತರೆ ಸಂಸಾರ ನಡೆದೀತೇ?

ನನ್ನ ಮಂಡಿ ಕೈಕೊಟ್ಟಿದ್ದರಿಂದ ಮಹಡಿಯ ಮನೆ ಮಾರಿ, ಲಿಫ್ಟ್ ಇರುವ ಎರಡು ಕೋಣೆಯ ಫ್ಲಾಟಿಗೆ ಹೋಗುವವರಿದ್ದೆವು. ತಿಂಗಳ ಕೊನೆಗೆ ಮನೆ, ಶೆಡ್ಡು, ಅಂಗಳ ಎಲ್ಲವೂ ಖಾಲಿ ಇರಬೇಕೆಂದು ಮನೆ ಕೊಂಡವರು ಕಾಗದದಲ್ಲಿ ಬರೆಸಿಕೊಂಡಿದ್ದರು. ಮೂವತ್ತೇಳು ವರ್ಷದ ಸಂಸಾರ, ಮೂರು ವಾರದ ಗಡುವು. ಒಂದೊಂದೇ ಸಾಮಾನಿನ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದೆ. ಜನ ಬಂದರು. ಬಂದವರನ್ನೆಲ್ಲ ವೀಬೆ ಹಿಂದಕ್ಕೆ ಕಳಿಸಿದ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಒಬ್ಬ ಬಂದ. “ಚೆನ್ನಾಗಿ ಓಡುತ್ತಾ?” ಎಂದು ಕೇಳಿದ.

“ಓ, ಚಿನ್ನದಂಥ ಯಂತ್ರ,” ಎಂದ ವೀಬೆ. “ಹುಲ್ಲು ಒದ್ದೆಯಿದ್ರೆ ಮಾತ್ರ ನಿಂತುಬಿಡುತ್ತೆ.”

ನಮ್ಮ ಸೀಮೆಯಲ್ಲಿ ಒಣಗಿದ ಹುಲ್ಲನ್ನು ಕಣ್ಣಾರೆ ಕಂಡವರು ಯಾರೂ ಬದುಕಿ ಉಳಿದಿಲ್ಲ. ಆ ಮನುಷ್ಯ ಕಾಫಿ ಕುಡಿದು ಹೋದ. ಮಂಚ ನೋಡಲು ಹೊಸದಾಗಿ ಮದುವೆಯಾದ ಜೋಡಿ ಬಂತು. ಆ ಮಂಚ ಎರಡು ಸಲ ಮುರಿದಿತ್ತು ಎನ್ನುವುದನ್ನಷ್ಟೇ ಅಲ್ಲ, ಹೇಗೆ ಮುರಿಯಿತು ಎನ್ನುವುದನ್ನೂ ನನ್ನ ಗಂಡ ಸವಿಸ್ತಾರವಾಗಿ ವಿವರಿಸಿದ. (ನಾನು ಅಡುಗೆಮನೆಗೆ ಹೋಗಿ ಫ್ರಿಜ್ಜಿನೊಳಗೆ ತಲೆಯಿಟ್ಟು ನಿಂತೆ.)

ಎಲ್ಲಕ್ಕಿಂತ ದೊಡ್ಡ ಸಾಮಾನು ಇನ್ನೂ ಅಂಗಳದಲ್ಲಿತ್ತು. ನಮ್ಮ ಕ್ಯಾರವಾನ್. ಕಾರಿನ ಹಿಂದೆ ಕಟ್ಟಿಕೊಂಡು ಇಪ್ಪತ್ತಾರು ಬೇಸಿಗೆ ಎಳೆದಾಡಿದ ಚಕ್ರದ ಮನೆ. ‘ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು’ ಎನ್ನುತ್ತಾರಲ್ಲ, ನಮ್ಮಲ್ಲಿ ಎರಡೂ ಇದ್ದವು. ಮಾತು ಮನೆಯೊಳಗೆ, ತೂತು ಕ್ಯಾರವಾನಿನ ಮಾಡಿನಲ್ಲಿ, ಸರಿಯಾಗಿ ಹಾಸಿಗೆಯ ಮೇಲೆ. ವೀಬೆ ಮೂರು ಸಲ ಮುಚ್ಚಿದ್ದ, ಮಳೆ ನಾಲ್ಕು ಸಲ ತೆರೆದಿತ್ತು. ಆದರೂ ಒಣ ದಿನದಲ್ಲಿ ಅದು ಖಂಡಿತ ಸೋರುತ್ತಿರಲಿಲ್ಲ. ಹಾಗಾಗಿ ‘ಉತ್ತಮ ಸ್ಥಿತಿಯಲ್ಲಿದೆ, ಎರಡು ಸಾವಿರದ ಎಂಟುನೂರು ಯೂರೋ’ ಎಂದು ಬರೆದೆ.

ಆ ಶನಿವಾರ ಬೆಳಿಗ್ಗೆ ಗಂಡನನ್ನು ಎದುರಿಗೆ ಕೂರಿಸಿಕೊಂಡೆ.

“ನೋಡು ವೀಬೆ, ಹತ್ತು ಗಂಟೆಗೆ ಜನ ಬರ್ತಾರೆ. ನೀನು ತುಟಿ ಬಿಚ್ಚಕೂಡದು.”

“ಕೇಳಿದ್ರೆ?”

“ಕೇಳಿದ್ರೂ ಕೂಡದು.”

“ಒಂದು ನಮಸ್ಕಾರನೂ ಹೇಳಬಾರದಾ?”

“ನಿನ್ನ ನಮಸ್ಕಾರ ನಂಗೆ ಗೊತ್ತಿಲ್ವಾ? ಅದು ನೇರವಾಗಿ ತೂತಿಗೇ ಹೋಗಿ ನಿಲ್ಲುತ್ತೆ.”

“ಸುಳ್ಳು ಹೇಳೋದಕ್ಕಿಂತ ಸುಮ್ಮನಿರೋದೇ ಮೇಲು, ಹಿಲ್ಲಿ,” ಎಂದ. ಹಾಗೆಂದು ಬಾಯಿ ಮುಚ್ಚಿದ.

ಬಂದವರು ಡ್ರಾಖ್ಟೆನ್ ಕಡೆಯ ಗಂಡಹೆಂಡತಿ, ಡೌವೆ ಮತ್ತು ಫೆನ್ನಾ. ಐವತ್ತರ ಆಸುಪಾಸಿನವರು. ಡೌವೆ ಚಕ್ರಗಳನ್ನು ಒದ್ದು ನೋಡಿದ. ಫೆನ್ನಾ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತಳು, ಮೇಲಕ್ಕೆ ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ನೇರವಾಗಿ ವೀಬೆಯನ್ನೇ ಕೇಳಿದಳು. (ಅವನ ಮುಖವೇ ಹಾಗಿದೆ, ನೋಡಿದವರಿಗೆ ಕೇಳಬೇಕು ಅನ್ನಿಸುತ್ತದೆ.)

“ಮಳೆ ಬಂದ್ರೆ ಏನೂ ತೊಂದರೆ ಇಲ್ಲ ತಾನೇ?”

ವೀಬೆ ಬಾಯಿ ತೆರೆದ. ನನ್ನ ಕಡೆ ನೋಡಿದ. ಬಾಯಿ ಮುಚ್ಚಿದ. ಮತ್ತೆ ತೆರೆದ. ದಡಕ್ಕೆ ಬಿದ್ದ ಮೀನಿನ ಹಾಗೆ ನಾಲ್ಕು ಸಲ ಹೀಗಾಯಿತು. ಫೆನ್ನಾಳ ಕಣ್ಣು ಅಗಲವಾಯಿತು.

“ಅಯ್ಯೋ, ಇವರಿಗೆ ಮಾತು ಹೋಗಿದೆಯಾ?”

ಹೌದೆಂದು ನಾನು ಹೇಳಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ಒಂದು ನಿಟ್ಟುಸಿರು ಬಿಟ್ಟೆ. ನಿಟ್ಟುಸಿರು ಸುಳ್ಳಲ್ಲ ಎಂದು ಆಗ ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಈಗ ಆ ಸಮಾಧಾನ ಹೇಳಿಕೊಳ್ಳುವ ಧೈರ್ಯವಿಲ್ಲ.

“ನಮ್ಮಪ್ಪನಿಗೂ ಹೀಗೇ ಆಗಿತ್ತು,” ಎಂದಳು ಫೆನ್ನಾ. ವೀಬೆಯ ಕೈ ಹಿಡಿದುಕೊಂಡಳು. “ನೀವೇನೂ ಹೆದರಬೇಡಿ. ಮಾತು ನಿಂತವರಿಗೆ ಮಾತು ಕಲಿಸೋದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡ್ತಿದೀನಿ.”

ನಮ್ಮ ದೇಶದಲ್ಲಿ ಒಂದೂಮುಕ್ಕಾಲು ಕೋಟಿ ಜನರಿದ್ದಾರೆ. ಅವರಲ್ಲಿ ನನ್ನ ಕ್ಯಾರವಾನ್ ನೋಡಲು ಇವಳೇ ಬರಬೇಕಿತ್ತೇ?

ಡೌವೆ ಚೌಕಾಸಿ ಮಾಡಲೆಂದು ಬಂದಿದ್ದವನು. ಜೇಬಿನಿಂದ ಲೆಕ್ಕದ ಚೀಟಿಯನ್ನೂ ತೆಗೆದಿದ್ದ. ಹೆಂಡತಿ ಅವನ ಕಡೆ ಒಂದು ನೋಟ ಬೀರಿದಳು, ಅವನು ಚೀಟಿ ಮಡಿಸಿ ಒಳಗಿಟ್ಟ. ಒಂದು ಯೂರೋ ಕೂಡ ಕಡಿಮೆ ಮಾಡದೆ ಕೈಕುಲುಕಿದ. ಅವರ ಕಾರಿಗೆ ಎಳೆಯುವ ಕೊಕ್ಕೆ ಹಾಕಿಸಬೇಕಿತ್ತು, ಅದಾದ ಮೇಲೆ ಮುಂದಿನ ಶನಿವಾರ ಬಂದು ಹಣ ಕೊಟ್ಟು ಎಳೆದುಕೊಂಡು ಹೋಗುತ್ತೇವೆ ಎಂದರು.

“ಅಷ್ಟರಲ್ಲಿ ಸೋಮವಾರ, ಬುಧವಾರ, ಶುಕ್ರವಾರ ನಾನು ಬಂದು ಇವರಿಗೆ ಪಾಠ ಮಾಡ್ತೀನಿ,” ಎಂದಳು ಫೆನ್ನಾ. “ದುಡ್ಡಿನ ಮಾತೇ ಎತ್ತಬೇಡಿ.”

ಎತ್ತುವುದಕ್ಕೆ ನನಗೆ ನಾಲಗೆಯಾದರೂ ಎಲ್ಲಿತ್ತು?

ಅವರ ಕಾರು ತಿರುವು ದಾಟಿದ ಮೇಲೆ, “ಸದ್ಯ, ಇನ್ನು ಮಾತಾಡು,” ಎಂದೆ. ವೀಬೆ ತಲೆಯಾಡಿಸಿ, ಒಂದು ಲಕೋಟೆಯ ಹಿಂಭಾಗದಲ್ಲಿ ಬರೆದು ತೋರಿಸಿದ: ‘ಸೋಮವಾರದವರೆಗೆ ಅಭ್ಯಾಸ ತಪ್ಪಬಾರದು.’ ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದ: ‘ಹಾಯಾಗಿದೆ.’

ಆ ಒಂದು ವಾರ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಫೋನು ನಾನೇ ಎತ್ತಬೇಕು, ಬಾಗಿಲು ನಾನೇ ತೆರೆಯಬೇಕು, ಪಾತ್ರೆಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಾ ಇದು ಇಟ್ಟುಕೊಳ್ಳೋಣವೇ, ಮಾರೋಣವೇ ಎಂದು ನಾನೇ ಕೇಳಿ ನಾನೇ ಉತ್ತರ ಕೊಡಬೇಕು. ಒಂದು ಬೀರುವಿನ ವಿಷಯದಲ್ಲಿ ನನ್ನ ಜೊತೆ ನಾನೇ ಜಗಳವಾಡಿ ಸೋತೆ. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ಆ ಮೌನ ತುಂಬಿಸಲು ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಮಾತಾಡಿದೆ. ಮಂಡಿನೋವು, ನನ್ನ ತಂಗಿಯ ಸೊಕ್ಕು, ಆಲೂಗಡ್ಡೆಯ ರೇಟು, ಯಾವುದನ್ನೂ ಬಿಡಲಿಲ್ಲ, ಫೆನ್ನಾ ಬಂದಾಗಲೂ ನಿಲ್ಲಿಸಲಿಲ್ಲ. ವೀಬೆ ಕುರ್ಚಿಯಲ್ಲಿ ಕೂತು ಋಷಿಯ ಹಾಗೆ ಮುಗುಳ್ನಗುತ್ತಿದ್ದ.

ಹೇಳಿದ ದಿನ, ಹೇಳಿದ ಸಮಯಕ್ಕೆ ಫೆನ್ನಾ ಬರುತ್ತಿದ್ದಳು. ಒಂದು ಗಂಟೆ ಕಾರು ಓಡಿಸಿಕೊಂಡು ಬಂದು, ಒದ್ದೆ ಕೋಟು ಬಾಗಿಲಲ್ಲಿ ನೇತುಹಾಕಿ, ವೀಬೆಯ ಎದುರು ಸ್ಟೂಲಿನ ಮೇಲೆ ಕೂತು, “ಆ... ಅನ್ನಿ, ಓ... ಅನ್ನಿ,” ಎನ್ನುತ್ತಿದ್ದಳು. ವೀಬೆ ಸೋಮವಾರ ‘ಆ’ ಎಂದ. ಬುಧವಾರ ‘ಓ’ ಎಂದ. ಅವಳಿಗೆ ಆದ ಸಂತೋಷ ನೋಡಿ ನಾನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸು ಇಟ್ಟೆ.

ಬುಧವಾರ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. “ನಮ್ಮಪ್ಪ ಎರಡು ವರ್ಷ ಒಂದು ಮಾತೂ ಆಡಲಿಲ್ಲ. ಊರಿನವರಿಗೆಲ್ಲ ಕಲಿಸಿದೆ. ಅಪ್ಪನಿಗೆ ಕಲಿಸೋಕೆ ಆಗಲಿಲ್ಲ. ಹಾಗೇ ಹೋಗಿಬಿಟ್ರು.”

ಅವಳು ಹೋದ ಮೇಲೆ ವೀಬೆ ತುಂಬಾ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದ. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. (ಮೂರು ನಿಮಿಷ ಇರಬಹುದು.) ಹೇಳಿಬಿಡೋಣ ಎಂದುಕೊಂಡೆ. ಆಮೇಲೆ ಖಾಲಿಯಾಗಬೇಕಾದ ಅಂಗಳ ನೆನಪಾಯಿತು. ಶನಿವಾರ ಕಳೆಯಲಿ ಎಂದುಕೊಂಡೆ.

ಶುಕ್ರವಾರ ಮಳೆ ಹಿಡಿದುಕೊಂಡಿತ್ತು. ಫೆನ್ನಾ ಚಿತ್ರಗಳ ಕಟ್ಟು ತಂದಿದ್ದಳು. ಅವಳಪ್ಪನಿಗೆಂದು ಅವಳೇ ಕೈಯಾರೆ ಬಿಡಿಸಿದ ಚಿತ್ರಗಳು. ನಾಯಿ, ರೊಟ್ಟಿ, ಸೈಕಲ್. ಒಂದೊಂದಾಗಿ ತೋರಿಸುತ್ತಾ ಹೋದಳು. ಕೊನೆಗೆ ಒಂದು ಮನೆ, ಮಾಡಿನ ಮೇಲೆ ನೀಲಿ ಗೆರೆಗಳಲ್ಲಿ ಮಳೆ.

“ಇದೇನು ಹೇಳಿ? ಮ... ಮ...”

ವೀಬೆ ಚಿತ್ರ ನೋಡಿದ. ಅವಳ ಮುಖ ನೋಡಿದ. ಬಾಯಿ ತೆರೆದ, ಈ ಸಲ ಮುಚ್ಚಲಿಲ್ಲ. ಅಪಾಯ ನನಗೆ ಗೊತ್ತಾಯಿತು, ಕಾಫಿಯ ತಟ್ಟೆ ಹಿಡಿದು ನಡುವೆ ನುಗ್ಗಿದೆ. ತಡವಾಗಿತ್ತು.

“ಸೋ...” ಎಂದ ವೀಬೆ. “ಸೋ... ರು... ತ್ತೆ.”

ಫೆನ್ನಾ ಚಿತ್ರಗಳನ್ನೆಲ್ಲ ನೆಲಕ್ಕೆ ಚೆಲ್ಲಿ ಅವನನ್ನು ತಬ್ಬಿಕೊಂಡಳು. ಅವಳ ಕಣ್ಣಲ್ಲಿ ನೀರು. “ಮಾತು ಬಂತು! ಪೂರ್ತಿ ಮಾತು ಬಂತು! ಏನು ಸೋರುತ್ತೆ? ಹೇಳಿ, ಏನು ಸೋರುತ್ತೆ?”

“ಕ್ಯಾರವಾನ್,” ಎಂದ ವೀಬೆ. ಅಣೆಕಟ್ಟು ಒಡೆಯಿತು. “ಹಾಸಿಗೆ ಮೇಲೆ, ಎಡಗಡೆ ಮೂಲೆ. ಮೂರು ಸಲ ಮುಚ್ಚಿದೀನಿ, ನಿಲ್ಲಲ್ಲ. ಗ್ಯಾಸ್ ಒಲೇಲಿ ಒಂದೇ ಉರಿ ಹತ್ತೋದು. ಬ್ರೇಕು ಗಟ್ಟಿಯಾಗಿದೆ. ನಂಗೆ ಮಾತು ಹೋಗಿಲ್ಲಮ್ಮ, ಮೊದಲಿಂದ್ಲೂ ಇದೆ. ನಿಮ್ಮ ತಂದೆ ವಿಷಯ ಕೇಳಿದ ಮೇಲೆ ಎರಡು ದಿನದಿಂದ ನಿದ್ದೆ ಮಾಡಿಲ್ಲ. ನಮ್ಮಿಂದ ದೊಡ್ಡ ತಪ್ಪಾಯ್ತು.”

‘ನಮ್ಮಿಂದ’ ಎಂದ ನೋಡಿ. ಅಲ್ಲಿಯೂ ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಫೆನ್ನಾ ನೆಲದಿಂದ ಚಿತ್ರಗಳನ್ನು ಹೆಕ್ಕಿದಳು. ನಾನೂ ಕೆಟ್ಟ ಮಂಡಿ ಊರಿ ಹೆಕ್ಕಲು ಕೂತೆ. “ನಾನೇ ಅವನ ಬಾಯಿ ಮುಚ್ಚಿಸಿದ್ದು,” ಎಂದೆ. “ಮಾರಾಟ ಆಗಲಿ ಅಂತ. ನಿಟ್ಟುಸಿರು ಬಿಟ್ಟಿದ್ದೂ ನಾನೇ.” ಅವಳು ಚಿತ್ರಗಳನ್ನು ಮತ್ತೆ ಕಟ್ಟು ಕಟ್ಟಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೋಟು ಹಾಕಿಕೊಂಡು ಹೊರಟುಹೋದಳು.

ಇನ್ನು ಬರುವುದಿಲ್ಲ ಎಂದುಕೊಂಡೆವು. ಶನಿವಾರ ಹತ್ತಕ್ಕೆ ಸರಿಯಾಗಿ ಹೊಸ ಕೊಕ್ಕೆಯ ಕಾರು ಅಂಗಳಕ್ಕೆ ಬಂತು. ಡೌವೆ ಇಳಿದವನು ನನಗೆ ತಲೆಯನ್ನೂ ಬಗ್ಗಿಸದೆ ನೇರವಾಗಿ ವೀಬೆಯ ಹೆಗಲ ಮೇಲೆ ಕೈಹಾಕಿದ. “ಬನ್ನಿ ಯಜಮಾನ್ರೇ, ಇನ್ನೇನೇನಿದೆ ಎಲ್ಲ ಹೇಳಿ.”

ವೀಬೆ ಹೇಳಿದ. ಇಬ್ಬರೂ ಕ್ಯಾರವಾನಿನ ಕೆಳಗೆ ಮಲಗಿದರು, ಮೇಲೆ ಹತ್ತಿದರು, ಒಳಗೆ ಹೊಕ್ಕರು. ಡೌವೆ ಪ್ರತಿ ದೋಷಕ್ಕೂ ನೂರು ನೂರು ಯೂರೋ ಇಳಿಸುತ್ತಾ ಹೋದ. ವೀಬೆ ಹದಿನಾಲ್ಕು ದೋಷ ತೋರಿಸಿದ. ಹದಿನೈದನೆಯದನ್ನು ಹುಡುಕುತ್ತಿದ್ದಾಗ ನಾನು ಕೆಮ್ಮಿದೆ. ಎರಡು ಸಾವಿರದ ಎಂಟುನೂರು ಹೀಗೆ ಒಂದು ಸಾವಿರದ ನಾಲ್ಕುನೂರಾಯಿತು. ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಕ್ಯಾರವಾನಿಗೆ ಕೊಕ್ಕೆ ಸಿಕ್ಕಿಸುತ್ತಿದ್ದಾಗ ಫೆನ್ನಾ ನನ್ನ ಹತ್ತಿರ ಬಂದಳು.

“ಮೂರು ದಿನ ಬಂದಿದ್ದೆ ನಾನು,” ಎಂದಳು.

“ಗೊತ್ತು. ಎಷ್ಟಾಗುತ್ತೆ ಹೇಳಿ, ಕೊಡ್ತೀನಿ.”

“ದುಡ್ಡು ಬೇಡ. ನೀವು ನಾಲ್ಕು ಶನಿವಾರ ನಾನು ಕೆಲಸ ಮಾಡೋ ವೃದ್ಧಾಶ್ರಮಕ್ಕೆ ಬನ್ನಿ. ಮಾತು ನಿಂತುಹೋದ ಒಬ್ಬರಿದಾರೆ. ಅವರ ಎದುರು ಕೂತು ಯಾರಾದ್ರೂ ಮಾತಾಡಬೇಕು.”

“ಅದಕ್ಕೆ ವೀಬೆ ಬರ್ತಾನೆ! ಮಾತಲ್ಲಿ ಅವನನ್ನ ಮೀರಿಸೋರಿಲ್ಲ.”

“ಊಹೂಂ,” ಎಂದಳು ಫೆನ್ನಾ. “ಈಗ ನೋಡ್ತಿದ್ದೆ, ನಿಮ್ಮ ಯಜಮಾನ್ರು ಒಂದು ಮಾತಾಡಿ, ಎದುರಿನವರ ಉತ್ತರಕ್ಕೆ ಕಾಯ್ತಾರೆ. ನಂಗೆ ಉತ್ತರಕ್ಕೆ ಕಾಯದೇ ಇರೋರು ಬೇಕು. ಮೂರು ದಿನ ನಿಮ್ಮನೇಲಿ ಕೂತು ಕೇಳಿದೀನಿ. ನಿಮ್ಮಂಥೋರು ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿಲ್ಲ.”

ವೀಬೆ ಚಕ್ರದ ಹಿಂದೆ ಬಗ್ಗಿ ಏನನ್ನೋ ಬಿಗಿಮಾಡುತ್ತಿದ್ದ. ಅವನ ಬೆನ್ನು ಅಲುಗುತ್ತಿತ್ತು. ಅಳುತ್ತಿರಲಿಲ್ಲ ಎಂಬುದಂತೂ ಖಚಿತ.

ಹೀಗೆ ನಾನು ಶನಿವಾರ ಶನಿವಾರ ಎರಡು ಬಸ್ಸು ಬದಲಿಸಿ ಎಪ್ಪೊ ಎಂಬ ಮುದುಕರ ಮುಂದೆ ಹೋಗಿ ಕೂರತೊಡಗಿದೆ. ಒಂದು ಕಾಲದಲ್ಲಿ ಹರಾಜಿನ ಕಟ್ಟೆಯ ಮೇಲೆ ನಿಂತು ಹಳೇ ಟ್ರಾಕ್ಟರು, ಕುರ್ಚಿ, ಕುದುರೆಗಾಡಿ ಎಲ್ಲ ಕೂಗಿ ಮಾರಿದವರಂತೆ. ಪಾರ್ಶ್ವವಾಯು ಬಡಿದು ಈಗ ಎಂಟು ತಿಂಗಳಿಂದ ಒಂದು ಶಬ್ದವೂ ಇಲ್ಲ. ಎಡಗೈ ಮಾತ್ರ ಚೆನ್ನಾಗಿತ್ತು. ಅವರ ಕಸುಬಿಗೆ ಹತ್ತಿರದ ವಿಷಯವೆಂದು ನಾನು ನಮ್ಮ ಮನೆ ಖಾಲಿಮಾಡಿದ ಕಥೆ ಹೇಳುತ್ತಾ ಹೋದೆ. ಮೊದಲ ವಾರ ಶೆಡ್ಡು. ಎರಡನೇ ವಾರ ಅಡುಗೆಮನೆ, ಚಮಚಗಳ ಸಮೇತ. ಮೂರನೇ ವಾರ ಮಹಡಿ, ನಡುನಡುವೆ ನನ್ನ ಮಂಡಿ. ಅವರು ನನ್ನನ್ನೇ ನೋಡುತ್ತಿದ್ದರು. ಇಷ್ಟು ಶ್ರದ್ಧೆಯಿಂದ ಕೇಳುವವರು ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನನಗೂ ಹುಮ್ಮಸ್ಸು ಬಂತು.

ನಾಲ್ಕನೇ ಶನಿವಾರ ಪರದೆಗಳಿಗೆ ಬಂದಿದ್ದೆ. ಹನ್ನೊಂದು ಕಿಟಕಿಯ ಪರದೆಗಳಲ್ಲಿ ಏಳನೆಯದು ಯಾರಿಗೆ ಹೋಯಿತು ಎಂದು ಹೇಳುತ್ತಿದ್ದಾಗ ಎಪ್ಪೊ ಎಡಗೈ ಮೇಲೆತ್ತಿದರು. ಮುಷ್ಟಿ ಕಟ್ಟಿದರು. ಹರಾಜಿನ ಸುತ್ತಿಗೆಯ ಹಾಗೆ ಮೇಜಿನ ಮೇಲೆ ಕುಟ್ಟಿದರು. ಕಾಫಿ ಕಪ್ಪುಗಳು ಹಾರಿಬಿದ್ದವು.

“ಸಾಕು!”

ನರ್ಸುಗಳು ಓಡಿಬಂದರು. ಫೆನ್ನಾ ಓಡಿಬಂದಳು, ನನ್ನನ್ನು ತಬ್ಬಿಕೊಂಡು ಅತ್ತಳು. ಮುದುಕರ ಮಗಳು ಪಕ್ಕದ ಕೋಣೆಯಿಂದ ಬಂದವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಎಪ್ಪೊ ಸುಸ್ತಾಗಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು.

“ಅಪ್ಪ ಮಾತಾಡಿದ್ರಂತೆ! ಏನಂದ್ರು? ಹೇಳಿ ಅಮ್ಮಾ, ನಮ್ಮಪ್ಪ ಏನಂದ್ರು?”

ಬಾಗಿಲಲ್ಲಿ ಹತ್ತು ಜನ ನಿಂತಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೇರೆ ಏನಾದರೂ ಹೇಳಬಹುದಿತ್ತು. ಫೆನ್ನಾ ಎದುರಿಗೇ ಇದ್ದಳು.

“ಸಾಕು ಅಂದ್ರು,” ಎಂದೆ.

“ಸ್ಪಷ್ಟವಾಗಿ ಅಂದ್ರಾ?”

“ಬಹಳ ಸ್ಪಷ್ಟವಾಗಿ.”